ಹಳೇ ಟ್ರ್ಯಾಕ್ಟರಿನ ವಾಟರ್ ಪಂಪ್ ಸೋರುತ್ತಿದೆಯಾ? ಕಿಟ್ ಹಾಕೋದು ಯಾವಾಗ, ಪಂಪೇ ಬದಲಿಸೋದು ಯಾವಾಗ

ಮಂಡ್ಯ ಕಡೆ ಕಬ್ಬು ಕಟಾವು ಜೋರಾದಾಗ ಹಳೇ ಟ್ರ್ಯಾಕ್ಟರುಗಳ ಕಾಯಿಲೆಗಳೆಲ್ಲ ಒಟ್ಟಿಗೆ ಹೊರಗೆ ಬರುತ್ತವೆ. ಅದರಲ್ಲಿ ವಾಟರ್ ಪಂಪಿನದ್ದೇ ದೊಡ್ಡ ಪಾಲು. ಶೆಡ್ಡಿನಲ್ಲಿ ನಿಂತಿದ್ದಾಗ ಒಂದೊಂದೇ ಹನಿ ಇಳಿಯುತ್ತಿದ್ದದ್ದು, ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಏರು ಹತ್ತುವಾಗ ಧಾರೆಯಾಗುತ್ತದೆ. ಫ್ಯಾಕ್ಟರಿ ಮುಂದೆ ಗಂಟೆಗಟ್ಟಲೆ ಕ್ಯೂನಲ್ಲಿ ನಿಂತು, ಎಂಜಿನ್ ಆಫ್ ಮಾಡದೆ ಒಂದೊಂದೇ ಗಾಡಿ ಮುಂದಕ್ಕೆ ಜರುಗಿಸುವಾಗ ಮೀಟರ್ ಮುಳ್ಳು ಕೆಂಪಿಗೆ ಹೋಗಿರುತ್ತದೆ.

ಈ ಲೇಖನ ಮ್ಯಾಸ್ಸಿ 1035, ಮಹೀಂದ್ರಾ ಬಿ-275, ಫೋರ್ಡ್ 3000, ಎಚ್‌ಎಂಟಿ ಜೆಟರ್ 2511 ಥರದ ಹಳೇ ಗಾಡಿಗಳನ್ನು ಇನ್ನೂ ಓಡಿಸುತ್ತಿರುವವರಿಗೆ. ಅಪ್ಪನ ಕಾಲದ ಗಾಡಿ ಅಂತ ಆಸೆಯಿಂದ ಇಟ್ಟುಕೊಂಡವರಿಗೂ ಆಗುತ್ತದೆ. ಹಳೇ ಐಷರ್ ಇದ್ದವರು ಆರಾಮಾಗಿರಿ. ಅದು ಗಾಳಿಯಲ್ಲೇ ತಣ್ಣಗಾಗುವ ಎಂಜಿನ್. ರೇಡಿಯೇಟರೂ ಇಲ್ಲ, ಈ ತಲೆನೋವೂ ಇಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಪಂಪ್ ಸುಮ್ಸುಮ್ನೆ ಸೋರುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಅಥವಾ ಮಿತಿ ಮೀರಿ ಬಿಗಿದ ಫ್ಯಾನ್ ಬೆಲ್ಟ್, ಹೆಚ್ಚಾಗಿ ಇವೆರಡರಲ್ಲಿ ಒಂದು ಅದನ್ನು ಹಾಳು ಮಾಡಿರುತ್ತದೆ. ಆ ಕಾರಣ ಹಾಗೇ ಉಳಿದರೆ ಎಷ್ಟೇ ಒಳ್ಳೆಯ ಪಂಪ್ ತಂದು ಕೂರಿಸಿದರೂ ಮುಂದಿನ ಸೀಸನ್ನಿಗೆ ಮತ್ತೆ ಅದೇ ಕಥೆ.

ಪಂಪಿನ ಒಳಗೆ ಏನಿದೆ

ಬೀಡು ಕಬ್ಬಿಣದ ಬಾಡಿ, ನಡುವೆ ಒಂದು ಶಾಫ್ಟ್. ಶಾಫ್ಟಿನ ಮುಂದಿನ ತುದಿಯಲ್ಲಿ ಪುಲ್ಲಿ ಮತ್ತು ಫ್ಯಾನ್, ಹಿಂದಿನ ತುದಿಯಲ್ಲಿ ನೀರು ತಳ್ಳುವ ಇಂಪೆಲ್ಲರ್. ಶಾಫ್ಟ್ ತಿರುಗುವುದು ಬೇರಿಂಗಿನ ಮೇಲೆ. ಬೇರಿಂಗಿಗೂ ನೀರಿಗೂ ಮಧ್ಯೆ ಕಾವಲು ನಿಂತಿರುವುದು ಸೀಲ್. ಈ ಸೀಲಿನಲ್ಲಿ ಕಾರ್ಬನ್ನಿನ ಒಂದು ಬಳೆ ಇರುತ್ತದೆ. ಸ್ಪ್ರಿಂಗ್ ಅದನ್ನು ಇನ್ನೊಂದು ನಯವಾದ ಮುಖಕ್ಕೆ ಒತ್ತಿ ಹಿಡಿದಿರುತ್ತದೆ. ಎರಡೂ ಮುಖ ಕನ್ನಡಿಯಂತೆ ನಯವಾಗಿದ್ದರೆ ನೀರು ದಾಟುವುದಿಲ್ಲ. ಉಪ್ಪು ಕಟ್ಟಿದ ನೀರಿನ ಪುಡಿಯೋ ತುಕ್ಕಿನ ಕಣವೋ ನಡುವೆ ಸಿಕ್ಕಿಕೊಂಡರೆ ಗೀರು ಬೀಳುತ್ತದೆ. ನೀರಿಲ್ಲದೆ ಐದು ನಿಮಿಷ ಓಡಿದರೂ ಮುಖ ಸುಟ್ಟು ಹೋಗುತ್ತದೆ.

ಸೀಲಿಗೂ ಬೇರಿಂಗಿಗೂ ನಡುವೆ, ಬಾಡಿಯ ಕೆಳಭಾಗದಲ್ಲಿ ಒಂದು ಸಣ್ಣ ತೂತು ಇದೆ. ಇಡೀ ಪಂಪಿನಲ್ಲಿ ನೀವು ಚೆನ್ನಾಗಿ ಪರಿಚಯ ಮಾಡಿಕೊಳ್ಳಬೇಕಾದ ಜಾಗ ಅದೇ. ಸೀಲ್ ದಾಟಿ ಬಂದ ನೀರು ಬೇರಿಂಗಿಗೆ ಹೋಗದೆ ಹೊರಗೆ ಬೀಳಲಿ ಅಂತ ಕಂಪನಿಯವರೇ ಕೊಟ್ಟಿರುವ ದಾರಿ ಅದು. ಟಾರ್ಚ್ ಬಿಟ್ಟು ನೋಡಿ. ಸೋರಿದ್ದರೆ ತೂತಿನಿಂದ ಕೆಳಕ್ಕೆ ಬಿಳಿ ಉಪ್ಪಿನ ಗೆರೆಯೋ ಕೆಂಪು ತುಕ್ಕಿನ ಗೆರೆಯೋ ಇಳಿದಿರುತ್ತದೆ.

ಈ ತೂತಿಗೆ ಎಂ-ಸೀಲ್ ಮೆತ್ತಿದ ಪಂಪುಗಳು ಎಷ್ಟು ಬೇಕಾದರೂ ಸಿಗುತ್ತವೆ. "ಒಂದು ಚೂರು ಮೆತ್ಬುಡಣ್ಣ, ಸೀಸನ್ ಮುಗೀಲಿ" ಅನ್ನುತ್ತಾರೆ. ತೂತು ಮುಚ್ಚಿದರೆ ಸೋರುವುದು ನಿಲ್ಲುವುದಿಲ್ಲ, ಕಾಣುವುದು ಮಾತ್ರ ನಿಲ್ಲುತ್ತದೆ. ನೀರು ಬೇರಿಂಗಿಗೆ ನುಗ್ಗಿ ಗ್ರೀಸ್ ತೊಳೆದು ಹಾಕುತ್ತದೆ. ಬೇರಿಂಗ್ ಆಟ ಕೊಡಲು ಶುರುವಾದರೆ ಫ್ಯಾನ್ ಓಲಾಡಿ ರೇಡಿಯೇಟರನ್ನು ಕೊರೆಯುತ್ತದೆ. ಸೀಲಿನಲ್ಲಿ ಮುಗಿಯಬೇಕಿದ್ದ ಖರ್ಚು ರೇಡಿಯೇಟರಿನವರೆಗೆ ಬೆಳೆಯುತ್ತದೆ.

ಸೋರುತ್ತಿರುವುದು ಪಂಪೇನಾ?

ಬಿಚ್ಚುವ ಮೊದಲು ಇದನ್ನು ಖಾತ್ರಿ ಮಾಡಿಕೊಳ್ಳಿ. ಫ್ಯಾನ್ ಗಾಳಿಗೆ ನೀರು ಹಿಂದಕ್ಕೆ ಹಾರುತ್ತದೆ. ಹಾಗಾಗಿ ಎಲ್ಲಿ ಒದ್ದೆಯಾಗಿದೆಯೋ ಅಲ್ಲೇ ಸೋರುತ್ತಿದೆ ಅಂತ ಅಂದುಕೊಳ್ಳಬೇಡಿ. ಮೇಲಿನ ಹೋಸ್ ಪೈಪಿನ ಕ್ಲಾಂಪ್ ಸಡಿಲವಾಗಿ ನೀರು ಇಳಿದು ಬಂದು ಪಂಪಿನ ಕೆಳಗೆ ತೊಟ್ಟಿಕ್ಕುವುದು ತೀರಾ ಮಾಮೂಲಿ.

ಎಂಜಿನ್ ತಣ್ಣಗಿರುವಾಗ ಪಂಪ್ ಸುತ್ತಲಿನ ಜಾಗವನ್ನೆಲ್ಲ ಒಣ ಬಟ್ಟೆಯಿಂದ ಒರೆಸಿ. ಮೈಗೆ ಹಾಕಿಕೊಳ್ಳುವ ಪೌಡರನ್ನು ಹೋಸ್ ಸೇರುವ ಕಡೆ, ಪ್ಯಾಕಿಂಗ್ (ಪಂಪಿಗೂ ಬ್ಲಾಕಿಗೂ ನಡುವೆ ಇಡುವ ತೆಳು ಹಾಳೆ) ಅಂಚು, ಆ ಸಣ್ಣ ತೂತು, ಎಲ್ಲ ಕಡೆ ತೆಳ್ಳಗೆ ಉದುರಿಸಿ. ರಂಗೋಲಿ ಪುಡಿ ಬೇಡ, ಅದು ಕಲ್ಲಿನ ಪುಡಿ, ಬೇರಿಂಗ್ ಹತ್ತಿರ ಹೋಗಬಾರದು. ರೇಡಿಯೇಟರ್ ತುಂಬಿಸಿ ಎಂಜಿನ್ ಸ್ವಲ್ಪ ಹೊತ್ತು ಸ್ಲೋದಲ್ಲಿ ಓಡಿಸಿ, ನಿಲ್ಲಿಸಿ ನೋಡಿ. ಪೌಡರ್ ಎಲ್ಲಿ ಮೊದಲು ಒದ್ದೆಯಾಗಿ ಗೆರೆ ಬಿದ್ದಿದೆಯೋ ಅಲ್ಲೇ ಸೋರಿಕೆ.

ಹೋಸ್ ಹತ್ತಿರ ಆದರೆ ಕ್ಲಾಂಪೋ ಹೋಸೋ ಬದಲಿಸಿ, ಅಲ್ಲಿಗೆ ಮುಗಿಯಿತು. ಪಂಪಿಗೂ ಬ್ಲಾಕಿಗೂ ನಡುವಿನ ಅಂಚಿನಲ್ಲಿ ಆದರೆ ಪ್ಯಾಕಿಂಗ್ ಹೋಗಿದೆ, ಪಂಪ್ ಚೆನ್ನಾಗಿರಬಹುದು. ತೂತಿನಿಂದ ಬಂದರೆ ಸೀಲ್ ಹೋಗಿದೆ.

ಜೊತೆಗೆ ಬೇರಿಂಗ್ ಕೂಡ ನೋಡಿ. ಎಂಜಿನ್ ನಿಲ್ಲಿಸಿ, ಬೆಲ್ಟ್ ಸಡಿಲ ಮಾಡಿ, ಫ್ಯಾನಿನ ಎದುರುಬದುರು ಎರಡು ರೆಕ್ಕೆ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಟಕ್ ಅಂತ ಆಟ ಸಿಕ್ಕರೆ ಬೇರಿಂಗ್ ಮುಗಿದಿದೆ. ಕೈಯಲ್ಲಿ ತಿರುಗಿಸಿದಾಗ ಒಳಗೆ ಮರಳು ಸಿಕ್ಕಿಕೊಂಡಂತೆ ಗರಗರ ಅಂದರೂ ಅಷ್ಟೇ.

ಡಿಪ್‌ಸ್ಟಿಕ್ ಎಳೆದು ಆಯಿಲನ್ನೂ ಒಮ್ಮೆ ನೋಡಿಬಿಡಿ. ಹಾಲು ಕಾಫಿ ಬಣ್ಣ ಬಂದಿದ್ದರೆ ಅದು ಪಂಪಿನ ಕೆಲಸ ಅಲ್ಲ. ಈ ಗಾಡಿಗಳಲ್ಲಿ ಪಂಪ್ ಎಂಜಿನ್ನಿನ ಹೊರಗೆ, ಮುಂಭಾಗದಲ್ಲಿ ಕೂತಿರುತ್ತದೆ. ಅದರ ನೀರು ಆಯಿಲಿಗೆ ಸೇರುವುದಿಲ್ಲ. ಹೆಡ್ ಪ್ಯಾಕಿಂಗ್ ಕಡೆ ನೋಡಬೇಕು, ಆ ಸ್ಥಿತಿಯಲ್ಲಿ ಗಾಡಿ ಓಡಿಸಲೇಬೇಡಿ.

ಕಿಟ್ಟಾ, ಹೊಸ ಪಂಪಾ?

ನನ್ನ ಲೆಕ್ಕ ಹೀಗೆ. ಮ್ಯಾಸ್ಸಿ 1035, ಬಿ-275 ಗಾಡಿಗಳ ಪಂಪ್ ಇಡಿಯಾಗಿ ಈಗಲೂ ಸಿಗುತ್ತದೆ. ಮಂಡ್ಯದಲ್ಲೋ ಮೈಸೂರಿನಲ್ಲೋ ಟ್ರ್ಯಾಕ್ಟರ್ ಸ್ಪೇರ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಬಾಡಿಯೇ ತಿಂದು ಹೋಗಿದ್ದರೆ, ಬೇರಿಂಗ್ ಕೂರುವ ಜಾಗ ಸವೆದು ಬೇರಿಂಗ್ ಕೈಯಲ್ಲೇ ಜಾರಿ ಒಳಗೆ ಹೋಗುವಂತಿದ್ದರೆ, ಇಲ್ಲಾ ಬೋಲ್ಟ್ ಕೂರುವ ಕಿವಿ ಮುರಿದಿದ್ದರೆ ಹೊಸದು ತನ್ನಿ. ಕಬ್ಬಿನ ಸೀಸನ್ ಮಧ್ಯೆ ಸಮಯವೇ ಇಲ್ಲ ಅನ್ನುವವರಿಗೂ ಅದೇ ಸರಿ.

ಆದರೆ ಹಳೇ ಬಾಡಿ ಗಟ್ಟಿಯಾಗಿದ್ದರೆ ನಾನು ಅದನ್ನು ಎಸೆಯುವುದಿಲ್ಲ. ಹಳೇ ಗಾಡಿಗಳ ಬೀಡು ದಪ್ಪ, ಒಳ್ಳೆಯದು. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಕೆಲವು ಪಂಪುಗಳಲ್ಲಿ ಇಂಪೆಲ್ಲರ್ ಸರಿಯಾಗಿ ಕೂತಿರುವುದಿಲ್ಲ, ಮುಖ ಮಟ್ಟವಾಗಿರುವುದಿಲ್ಲ. ಶಾಫ್ಟ್, ಬೇರಿಂಗ್, ಸೀಲ್, ಪ್ಯಾಕಿಂಗ್ ಸೇರಿದ ಕಿಟ್ ತಂದು ಲೇತ್ ಅಂಗಡಿಯಲ್ಲಿ ಪ್ರೆಸ್ ಮಾಡಿಸಿದರೆ ಕೆಲಸ ಚೆನ್ನಾಗಿ ಆಗುತ್ತದೆ. ಸುಲಭವಾಗಿ ಸ್ಪೇರ್ ಸಿಗದ ಗಾಡಿಗಳಿಗೆ ಬೇರೆ ದಾರಿಯೂ ಇಲ್ಲ. ಅಂಗಡಿಗೆ ಹೋಗುವಾಗ ಹಳೇ ಸೀಲು, ಹಳೇ ಬೇರಿಂಗು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಒಂದೇ ಮಾಡೆಲ್ಲಿನಲ್ಲೂ ವರ್ಷ ಬದಲಾದಂತೆ ಪಂಪ್ ಬದಲಾಗಿರುತ್ತದೆ. ಹೊಸ ಪಂಪನ್ನು ಹಳೆಯದರ ಪಕ್ಕ ಇಟ್ಟು ಬೋಲ್ಟ್ ತೂತು, ಪುಲ್ಲಿ ಎತ್ತರ, ಇಂಪೆಲ್ಲರ್ ಅಗಲ ಮೂರನ್ನೂ ಹೋಲಿಸದೆ ದುಡ್ಡು ಕೊಡಬೇಡಿ.

ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಾಗಲಿ. ಸಂಜೆ ಕೆಲಸ ಮುಗಿಸಿ ಬಂದ ಗಾಡಿಗೆ ಮಾರನೇ ದಿನ ಬೆಳಿಗ್ಗೆ ಕೈ ಹಾಕಿ. ಅಷ್ಟು ಕಾಯಲು ಆಗದಿದ್ದರೆ ರೇಡಿಯೇಟರ್ ಮುಚ್ಚಳದ ಮೇಲೆ ಒದ್ದೆ ಗೋಣಿಚೀಲ ಹಾಕಿ, ಮೊದಲ ಹಂತದವರೆಗೆ ಮಾತ್ರ ತಿರುಗಿಸಿ, ಉಸಿರು ಪೂರ್ತಿ ಹೋಗಲು ಬಿಡಿ. ಆಮೇಲೆ ತೆಗೆಯಿರಿ. ಮುಖದ ಮೇಲೆ ಕುದಿನೀರು ಹಾರಿದವರು ನಮ್ಮ ಕಡೆ ಪ್ರತಿ ಊರಿನಲ್ಲೂ ಒಬ್ಬರಾದರೂ ಇದ್ದಾರೆ. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಬ್ಯಾಟರಿ ವೈರ್ ಬಿಚ್ಚಿ.

ನೀರು ಇಳಿಸಿ. ನಲ್ಲಿ ಎರಡು ಇರುತ್ತವೆ, ರೇಡಿಯೇಟರ್ ಕೆಳಗೆ ಒಂದು, ಎಂಜಿನ್ ಬ್ಲಾಕಿನ ಪಕ್ಕದಲ್ಲಿ ಇನ್ನೊಂದು. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ನಲ್ಲಿ ತಿರುಗಿಸಿದರೂ ಹನಿ ಬರದಿದ್ದರೆ ಒಳಗೆ ಕೆಸರು ಕೂತಿದೆ ಅಂತ ಅರ್ಥ, ಗಟ್ಟಿ ತಂತಿಯಿಂದ ಚುಚ್ಚಿ ಬಿಡಿಸಿ. ಕೂಲೆಂಟ್ ಹಾಕಿದ ಗಾಡಿಯಾದರೆ ಬಕೆಟ್ಟಿನಲ್ಲಿ ಹಿಡಿಯಿರಿ. ಅದು ಸಿಹಿಯಾಗಿರುತ್ತದೆ, ವಿಷ ಕೂಡ. ಹಟ್ಟಿ ಮುಂದೆ ಚೆಲ್ಲಿದರೆ ನಾಯಿ, ಕರು ನೆಕ್ಕುತ್ತವೆ.

ಡೈನಮೋ ಅಥವಾ ಆಲ್ಟರ್ನೇಟರಿನ ಬೋಲ್ಟ್ ಸಡಿಲಿಸಿ, ಒಳಕ್ಕೆ ತಳ್ಳಿ ಬೆಲ್ಟ್ ತೆಗೆಯಿರಿ. ಕೆಲವು ಗಾಡಿಗಳಲ್ಲಿ ಫ್ಯಾನ್ ಬಿಚ್ಚಿದರೆ ಪಂಪ್ ಹೊರಗೆ ಬರುವಷ್ಟು ಜಾಗ ಇರುತ್ತದೆ, ಕೆಲವದರಲ್ಲಿ ರೇಡಿಯೇಟರೇ ಇಳಿಸಬೇಕು. ಇಳಿಸದೆ ಮಾಡುವುದಾದರೆ ರೇಡಿಯೇಟರಿಗೂ ಫ್ಯಾನಿಗೂ ನಡುವೆ ದಪ್ಪ ರಟ್ಟು ಇಳಿಬಿಡಿ, ಸ್ಪ್ಯಾನರ್ ಜಾರಿದರೆ ಜಾಲರಿ ಉಳಿಯುತ್ತದೆ. ಹಾಗೆ ನೋಡಿದರೆ ರೇಡಿಯೇಟರ್ ಇಳಿಸುವುದೇ ಒಳ್ಳೆಯದು. ಗದ್ದೆ ಕೆಸರು ಮಾಡುವಾಗ ಸೇರಿದ ಮಣ್ಣು, ಭತ್ತದ ಹೊಟ್ಟು, ಕಬ್ಬಿನ ರವದಿ ಚೂರು ಎಲ್ಲ ತೊಳೆಯಲು ಇದಕ್ಕಿಂತ ಒಳ್ಳೆ ಸಮಯ ಸಿಗಲ್ಲ. ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಡಿ. ಪ್ರೆಶರ್ ಜಾಸ್ತಿ ಇಟ್ಟರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಫ್ಯಾನ್ ತೆಗೆಯುವ ಮುಂಚೆ ಮುಂದಿನ ಮುಖಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ತಿರುವುಮುರುವು ಹಾಕಿದರೂ ಗಾಳಿ ಅದೇ ದಿಕ್ಕಿಗೇ ಹೋಗುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಗಾಳಿ ಕಡಿಮೆಯಾಗಿ ಗಾಡಿ ಬಿಸಿಯಾಗುತ್ತದೆ.

ಹೋಸ್ ಪೈಪ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ರೇಡಿಯೇಟರಿನ ಮೂತಿ ತೆಳು ಹಿತ್ತಾಳೆ, ಬಾಗಿ ಹೋಗುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ. ಹೇಗೂ ಹೊಸ ಹೋಸ್ ಹಾಕಬೇಕು.

ಇನ್ನು ಪಂಪಿನ ಬೋಲ್ಟುಗಳು. ಇವು ಒಂದೇ ಉದ್ದ ಇರುವುದಿಲ್ಲ. ಒಂದು ರಟ್ಟಿನ ಮೇಲೆ ಪಂಪಿನ ಆಕಾರ ಬರೆದು, ತೂತು ಇರುವ ಜಾಗದಲ್ಲಿ ಚುಚ್ಚಿ, ತೆಗೆದ ಬೋಲ್ಟನ್ನು ಅದೇ ಜಾಗಕ್ಕೆ ಸಿಗಿಸುತ್ತಾ ಹೋಗಿ. ಉದ್ದದ ಬೋಲ್ಟನ್ನು ಗಿಡ್ಡ ಬೋಲ್ಟಿನ ತೂತಿಗೆ ಹಾಕಿ ಬಿಗಿದರೆ ಅದು ತಳ ಮುಟ್ಟಿ ನಿಲ್ಲುತ್ತದೆ. ಕೈಗೆ ಬಿಗಿಯಾದಂತೆ ಅನ್ನಿಸುತ್ತದೆ, ಪಂಪ್ ಮಾತ್ರ ಬ್ಲಾಕಿಗೆ ಅಂಟಿರುವುದಿಲ್ಲ. ಇನ್ನೂ ಒತ್ತಿದರೆ ಬ್ಲಾಕ್ ಸೀಳುತ್ತದೆ.

ಮ್ಯಾಸ್ಸಿ, ಬಿ-275, ಫೋರ್ಡ್ ಬೋಲ್ಟುಗಳು ಹೆಚ್ಚಾಗಿ ಇಂಚು ಅಳತೆಯವು. 1/2 ಇಂಚಿನ ಬೋಲ್ಟ್ ತಲೆಗೆ 13 ನಂಬರ್ ಸ್ಪ್ಯಾನರ್ ಕೂತಂತೆ ಕಾಣುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಬಲ ಹಾಕಿದಾಗ ಜಾರಿ ಮೂಲೆ ಸವೆಯುತ್ತದೆ. ಇಂಚಿನ ರಿಂಗ್ ಸ್ಪ್ಯಾನರ್ ಸೆಟ್ ಒಂದು ಮನೆಯಲ್ಲಿರಲಿ. ಬೋಲ್ಟ್ ಹಂದದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಿಗ್ಗೆ ಬೋಲ್ಟ್ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಏಟು ಕೊಟ್ಟು, ಮೊದಲು ಒಂದು ಕೂದಲಷ್ಟು ಬಿಗಿ ಮಾಡುವ ಕಡೆಗೆ ಎಳೆದು ಆಮೇಲೆ ಬಿಚ್ಚುವ ಕಡೆಗೆ ಎಳೆಯಿರಿ. ಆದರೂ ತಲೆ ಮುರಿದರೆ ಡ್ರಿಲ್ಲಿಗೆ ಓಡಬೇಡಿ. ಉಳಿದ ಮೋಟಿನ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡಿಸಿ ತಿರುಗಿಸಿದರೆ ಬರುತ್ತದೆ. ವೆಲ್ಡಿಂಗಿನ ಬಿಸಿಯೇ ಅರ್ಧ ಕೆಲಸ ಮಾಡಿರುತ್ತದೆ.

ಪಂಪ್ ಬಂದ ಮೇಲೆ ಬ್ಲಾಕಿನ ತೂತಿಗೆ ಬಟ್ಟೆ ತುರುಕಿ, ಹಳೇ ಪ್ಯಾಕಿಂಗನ್ನು ಬ್ಲೇಡಿನಿಂದ ಕೆರೆದು ತೆಗೆಯಿರಿ. ಗ್ರೈಂಡರ್ ಮುಟ್ಟಿಸಬೇಡಿ. ಬಟ್ಟೆ ಹೊರಗೆ ತೆಗೆಯಲು ನೆನಪಿರಲಿ, ಇದನ್ನು ಬರೆಯಲೇಬೇಕಾ ಅನ್ನಬಹುದು, ಬರೆಯಲೇಬೇಕು.

ಸೀಲ್ ಮತ್ತು ಬೇರಿಂಗ್ ಬದಲಿಸುವುದು

ಹೊಸ ಪಂಪ್ ತಂದವರು ಈ ಭಾಗ ಬಿಟ್ಟು ಮುಂದಕ್ಕೆ ಹೋಗಿ.

ಮೊದಲ ಕೆಲಸ ಅಳತೆ. ಬಾಡಿಯ ಹಿಂದಿನ ಮುಖದಿಂದ ಹಬ್‌ವರೆಗೆ (ಶಾಫ್ಟಿನ ಮೇಲೆ ಪುಲ್ಲಿ ಕೂರುವ ಭಾಗ) ಎಷ್ಟು, ಇಂಪೆಲ್ಲರ್ ಎಷ್ಟು ಆಳದಲ್ಲಿದೆ, ವರ್ನಿಯರಿನಲ್ಲಿ ಅಳೆದು ಬರೆದಿಡಿ. ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಕಡೆಗೆ ಎಲ್ಲವನ್ನೂ ಇದೇ ಅಳತೆಗೆ ಕೂರಿಸಬೇಕು. ಹಬ್ ಎರಡು ಮಿಲಿಮೀಟರ್ ಹೆಚ್ಚು ಕಡಿಮೆಯಾದರೂ ಬೆಲ್ಟ್ ಓರೆಯಾಗಿ ಓಡುತ್ತದೆ.

ಹಬ್ಬನ್ನು ಪುಲ್ಲರ್ ಹಾಕಿ ಎಳೆಯಿರಿ. ಸುತ್ತಿಗೆಯಿಂದ ಹೊಡೆದರೆ ಬೀಡು ಒಡೆಯುತ್ತದೆ. ಬೇರಿಂಗ್ ಮುಂದೆ ಸರ್ಕ್ಲಿಪ್ (ಬೇರಿಂಗ್ ಜಾರದಂತೆ ಹಿಡಿಯುವ ಸ್ಪ್ರಿಂಗ್ ಬಳೆ) ಇದ್ದರೆ, ಇಲ್ಲಾ ಪಕ್ಕದಲ್ಲಿ ಲಾಕ್ ಸ್ಕ್ರೂ ಇದ್ದರೆ ತೆಗೆಯಿರಿ. ಅದನ್ನು ಗಮನಿಸದೆ ಪ್ರೆಸ್ಸಿಗೆ ಕೊಟ್ಟು ಬಾಡಿ ಒಡೆಸಿಕೊಂಡವರಿದ್ದಾರೆ. ಬಹುತೇಕ ಪಂಪುಗಳಲ್ಲಿ ಇಂಪೆಲ್ಲರ್ ಕಡೆಯಿಂದ ಶಾಫ್ಟನ್ನು ಒತ್ತಿದರೆ ಬೇರಿಂಗ್ ಸಮೇತ ಪುಲ್ಲಿ ಕಡೆಗೆ ಹೊರಗೆ ಬರುತ್ತದೆ. ಪ್ರೆಸ್ ಇಲ್ಲದಿದ್ದರೆ ಲೇತ್ ಅಂಗಡಿಗೆ ಹೋಗಿ. ಮೈಸೂರಿನಲ್ಲಿ ಹೆಬ್ಬಾಳು, ಮೇಟಗಳ್ಳಿ ಕಡೆ, ಮಂಡ್ಯದವರಿಗೆ ತೂಬಿನಕೆರೆ ಕಡೆ ಈ ಥರದ ಕೆಲಸ ಮಾಡುವವರು ಸಿಗುತ್ತಾರೆ. ನೀವು ಪಕ್ಕದಲ್ಲೇ ನಿಂತು ಅಳತೆ ಚೀಟಿ ಕೈಗೆ ಕೊಡಿ.

ಬಾಡಿ ತೊಳೆದು ಮೂರು ವಿಷಯ ನೋಡಿ. ಬೇರಿಂಗ್ ಕೂರುವ ಜಾಗ ನಯವಾಗಿದೆಯಾ, ಸೀಲ್ ಕೂರುವ ಜಾಗದಲ್ಲಿ ತುಕ್ಕಿನ ಹಳ್ಳ ಇದೆಯಾ, ಆ ಸಣ್ಣ ತೂತು ಆಚೆಯಿಂದ ಈಚೆಗೆ ಬೆಳಕು ಕಾಣುವಷ್ಟು ಬಿಟ್ಟಿದೆಯಾ. ಶಾಫ್ಟ್ ಮತ್ತು ಬೇರಿಂಗ್ ಒಂದೇ ತುಂಡಾಗಿ ಬರುವ ಮಾದರಿಯಾದರೆ ಅದನ್ನು ಡೀಸೆಲ್ಲಿನಲ್ಲಿ ತೊಳೆಯಬಾರದು. ಒಳಗೆ ತುಂಬಿಟ್ಟ ಗ್ರೀಸ್ ಕರಗಿ ಹೋಗುತ್ತದೆ, ಮತ್ತೆ ತುಂಬಲು ಆಗುವುದಿಲ್ಲ.

ಬೇರಿಂಗನ್ನು ಒತ್ತುವಾಗ ಹೊರಗಿನ ಬಳೆಯ ಮೇಲೆ ಮಾತ್ರ ಬಲ ಬೀಳಬೇಕು. ಶಾಫ್ಟ್ ತುದಿಗೆ ಒತ್ತಿದರೆ ಒಳಗಿನ ಗುಂಡುಗಳು ಗುಳಿ ಬೀಳಿಸಿ, ಹೊಸ ಬೇರಿಂಗ್ ಮೊದಲ ದಿನವೇ ಸದ್ದು ಮಾಡುತ್ತದೆ.

ಸೀಲ್ ಹಾಕುವಾಗ ಕೈ ತೊಳೆದುಕೊಳ್ಳಿ. ಉತ್ಪ್ರೇಕ್ಷೆ ಅಲ್ಲ. ಕಾರ್ಬನ್ ಮುಖಕ್ಕೆ ಗ್ರೀಸ್ ಮೆತ್ತಿದ ಬೆರಳು ತಾಗಿದರೂ ಸರಿಯಾಗಿ ಕೂರುವುದಿಲ್ಲ. ಹೊರಗಿನ ಲೋಹದ ಅಂಚಿಗೆ ಸ್ವಲ್ಪ ಅನಾಬಾಂಡ್ (ಟ್ಯೂಬಿನಲ್ಲಿ ಬರುವ ಸೋರಿಕೆ ತಡೆಯುವ ಪೇಸ್ಟ್) ಸವರಿ, ಅದೇ ಅಳತೆಯ ಪೈಪ್ ತುಂಡು ಅಥವಾ ಸಾಕೆಟ್ ಇಟ್ಟು, ಓರೆಯಾಗದಂತೆ ನೇರ ಒತ್ತಿ. ಶಾಫ್ಟಿಗೆ ರಬ್ಬರ್ ಜಾರಲು ಸೋಪಿನ ನೀರು ಸಾಕು. ಎಣ್ಣೆ, ಗ್ರೀಸ್ ಯಾವುದೂ ಬೇಡ.

ಇಂಪೆಲ್ಲರನ್ನು ಹಳೇ ಆಳಕ್ಕೇ ಕೂರಿಸಿ. ಬಾಡಿಗೂ ರೆಕ್ಕೆಗೂ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಹೋಗುವಷ್ಟು ಸಣ್ಣ ಅಂತರ ಬೇಕು. ಎಷ್ಟು ಅಂತ ಗಾಡಿಯ ಮ್ಯಾನುಯಲ್ಲಿನಲ್ಲಿ ಇರುತ್ತದೆ. ಉಜ್ಜಿದರೆ ಸವೆಯುತ್ತದೆ, ಅಂತರ ಜಾಸ್ತಿಯಾದರೆ ನೀರು ತಳ್ಳುವ ಶಕ್ತಿ ಹೋಗುತ್ತದೆ. ಕೈಯಲ್ಲಿ ತಿರುಗಿಸಿದಾಗ ಸೀಲಿನ ಬಿಗಿ ಮಾತ್ರ ಸಿಗಬೇಕು, ಲೋಹ ಉಜ್ಜುವ ಸದ್ದು ಬರಬಾರದು.

ಗಾಡಿಗೆ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಇಂಪೆಲ್ಲರ್ ಮೇಲೆ ಬರುವಂತೆ ಪಂಪನ್ನು ನಿಲ್ಲಿಸಿ, ಒಳಗೆ ನಿಲ್ಲುವಷ್ಟು ನೀರು ಹಾಕಿ ಊಟ ಮಾಡಿ ಬನ್ನಿ. ತೂತಿನ ಹತ್ತಿರ ಒಣಗಿದ್ದರೆ ಸೀಲ್ ಕೂತಿದೆ.

ತೀರಾ ಹಳೇ ಕೆಲವು ಗಾಡಿಗಳಲ್ಲಿ ಇಂಥ ಸೀಲ್ ಇರುವುದಿಲ್ಲ, ಹಳೇ ಪಂಪ್‌ಸೆಟ್ಟಿನಲ್ಲಿ ಇರುವಂಥ ಗ್ಲ್ಯಾಂಡ್ ದಾರ ಇರುತ್ತದೆ. ಅದನ್ನು ಮಾಡಿದವರಿಗೆ ಇದು ಹೊಸದಲ್ಲ. ದಾರವನ್ನು ಬಳೆ ಬಳೆಯಾಗಿ ಕತ್ತರಿಸಿ, ಒಂದರ ಸೇರು ಇನ್ನೊಂದರ ಸೇರಿನ ಮೇಲೆ ಬರದಂತೆ ಹಾಕಿ, ನಟ್ಟನ್ನು ಹದವಾಗಿ ಬಿಗಿಯಿರಿ. ಆಗೊಂದು ಈಗೊಂದು ಹನಿ ಬಂದರೆ ಅದು ಸರಿಯೇ. ಒಂದು ಹನಿಯೂ ಬರಬಾರದು ಅಂತ ಬಿಗಿದರೆ ಶಾಫ್ಟ್ ತಿನ್ನುತ್ತದೆ. ತುಂಬ ಹಳೇ ದಾರದಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದನ್ನು ಕೆರೆದು ಊದಬೇಡಿ, ಒದ್ದೆ ಮಾಡಿ ತೆಗೆದು ಕವರಿನಲ್ಲಿ ಕಟ್ಟಿ ಹಾಕಿ.

ಮತ್ತೆ ಜೋಡಿಸುವುದು

ಪ್ಯಾಕಿಂಗ್ ಹೊಸದೇ ಇರಲಿ. ಸಿಗದಿದ್ದರೆ ಪ್ಯಾಕಿಂಗ್ ಶೀಟ್ ತಂದು ಪಂಪಿನ ಮುಖದ ಮೇಲೆ ಇಟ್ಟು, ಗುಂಡು ಸುತ್ತಿಗೆಯಿಂದ ಅಂಚಿನ ಮೇಲೆ ಮೆಲ್ಲಗೆ ತಟ್ಟುತ್ತಾ ಹೋದರೆ ಆಕಾರ ತಾನೇ ಮೂಡುತ್ತದೆ. ಹೊಸ ಶೀಟ್ ಹಳೆಯದಕ್ಕಿಂತ ದಪ್ಪ ಇರಬಾರದು. ಎರಡೂ ಕಡೆ ತೆಳ್ಳಗೆ ಗ್ರೀಸ್ ಅಥವಾ ಅನಾಬಾಂಡ್ ಸವರಿ. ಟ್ಯೂಬ್ ಪೂರ್ತಿ ಹಿಂಡಿದರೆ ಒಳಕ್ಕೆ ಹಿಂಡಿದ ಭಾಗ ಕಿತ್ತು ಹೋಗಿ ರೇಡಿಯೇಟರಿನ ಟ್ಯೂಬಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಬೋಲ್ಟುಗಳನ್ನೆಲ್ಲ ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸ್ಪ್ಯಾನರಿಗೆ ಪೈಪ್ ಸಿಗಿಸಿ ಎಳೆಯಬೇಡಿ. ಪಂಪಿನ ಕಿವಿ ಮುರಿದರೆ ಇಷ್ಟು ಹೊತ್ತಿನ ಕೆಲಸ ನೀರಿನಲ್ಲಿ ಹೋಮ.

ಕೈ ಹಾಕಿದ್ದಾಗಲೇ ಥರ್ಮೋಸ್ಟಾಟ್, ಅಂದರೆ ನೀರು ಬಿಸಿಯಾದಾಗ ಮಾತ್ರ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್, ಇದೆಯಾ ನೋಡಿ. ನಮ್ಮ ಕಡೆ ಗಾಡಿ ಬಿಸಿಯಾದರೆ ಮೊದಲು ಅದನ್ನು ತೆಗೆದು ಎಸೆಯುವ ಅಭ್ಯಾಸ ಇದೆ. ನನಗೆ ಇದು ಸರಿ ಕಾಣುವುದಿಲ್ಲ. ಎಂಜಿನ್ ಬಿಸಿ ಏರದೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಬೋರ್ ಬೇಗ ಸವೆಯುತ್ತದೆ. ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆ ಮೇಲಿಡಿ. ನೀರು ಕುದಿಯುವ ಮೊದಲೇ ಬಾಯಿ ಬಿಟ್ಟು, ತಣ್ಣಗಾದಾಗ ಮುಚ್ಚಿಕೊಂಡರೆ ಅದು ಚೆನ್ನಾಗಿದೆ.

ಬೆಲ್ಟಿನ ಬಿಗಿ ಮುಖ್ಯ. ಎರಡು ಪುಲ್ಲಿಗಳ ನಡುವಿನ ಉದ್ದದ ಕಡೆ, ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10ರಿಂದ 12 ಮಿಲಿಮೀಟರ್ ಬಗ್ಗಬೇಕು. ವೀಣೆ ತಂತಿಯ ಹಾಗೆ ಬಿಗಿದರೆ ಬೇರಿಂಗ್ ಒಂದೇ ಕಡೆ ಎಳೆದು, ಶಾಫ್ಟ್ ಅಲ್ಲಾಡಿ, ಸೀಲ್ ಮತ್ತೆ ಸೋರುತ್ತದೆ. ಪುಲ್ಲಿಗಳು ಒಂದೇ ಸಾಲಿನಲ್ಲಿವೆಯಾ ಅಂತ ದಾರ ಹಿಡಿದು ನೋಡಿ. ಹೊಸ ಬೆಲ್ಟ್ ಹಾಕಿದ್ದರೆ ಒಂದು ದಿನದ ಕೆಲಸ ಆದ ಮೇಲೆ ಮತ್ತೆ ನೋಡಬೇಕು, ಅದು ಹಿಗ್ಗಿರುತ್ತದೆ. ಫ್ಯಾನಿನ ಒಂದು ರೆಕ್ಕೆ ಮುರಿದಿದ್ದರೆ ಅದನ್ನೂ ಬದಲಿಸಿ, ತೂಕ ತಪ್ಪಿದ ಫ್ಯಾನ್ ಬೇರಿಂಗನ್ನು ಕುಟ್ಟಿ ಹಾಳು ಮಾಡುತ್ತದೆ.

ಯಾವ ನೀರು ಹಾಕುವುದು

ನಾಗಮಂಗಲ ಕಡೆಯ ಬೋರ್‌ವೆಲ್ ನೀರನ್ನು ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಪದರ ಕೂರುತ್ತದೆ, ಅಲ್ವಾ? ಎಂಜಿನ್ನಿನ ಒಳಗೂ ಅದೇ ಕೂರುತ್ತದೆ. ಅಲ್ಲಿಂದ ಕಿತ್ತು ಬಂದ ಚೂರುಗಳೇ ಸೀಲನ್ನು ಉಜ್ಜುವುದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ನೀರು ತಂದರೆ ಈ ಗಾಡಿಗಳಿಗೆ ಸಾಕುಸಾಕು. ಘಟಕದಿಂದ ಹೊರಗೆ ಬಿಡುವ ವೇಸ್ಟ್ ನೀರು ಮಾತ್ರ ಬೇಡ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ಹೆಂಚಿನ ಮೇಲಿಂದ ಹಿಡಿದ ಮಳೆನೀರು ಸೋಸಿ ಹಾಕಿದರೂ ಒಳ್ಳೆಯದೇ.

ಬರೀ ಒಳ್ಳೆ ನೀರು ಹಾಕಿದರೆ ಸಾಲದು, ತುಕ್ಕು ಹಿಡಿಯುತ್ತದೆ. ಅದಕ್ಕೇ ಕೂಲೆಂಟ್. "ನಮ್ಮೂರಲ್ಲಿ ಹಿಮ ಬೀಳಲ್ಲ, ಕೂಲೆಂಟ್ ಯಾಕೆ" ಅಂತ ಕೇಳುವವರಿಗೆ ಉತ್ತರ ಇದು: ಅದು ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ಬರೀ ನೀರು 97-98 ಡಿಗ್ರಿಗೇ ಕುದಿಯುತ್ತದೆ. ಉಳಿದ ಅಂತರವನ್ನು ಕೊಡುವುದು ಕೂಲೆಂಟ್ ಮತ್ತು ರೇಡಿಯೇಟರ್ ಮುಚ್ಚಳದ ಪ್ರೆಶರ್. ಡಬ್ಬದ ಮೇಲೆ ಹೇಳಿದಷ್ಟೇ ನೀರು ಬೆರೆಸಿ. ಬೇರೆ ಬೇರೆ ಬಗೆಯ ಕೂಲೆಂಟ್ ಕಲಸಬೇಡಿ.

ಮುಚ್ಚಳದ ಬಗ್ಗೆ ಒಂದು ಎಚ್ಚರಿಕೆ. ಹಳೇ ಟ್ರ್ಯಾಕ್ಟರಿಗೆ ಕಂಪನಿ ಕೊಟ್ಟಿದ್ದು ಕಡಿಮೆ ಪ್ರೆಶರಿನ ಮುಚ್ಚಳ. ಕಳೆದು ಹೋಯಿತು ಅಂತ ಕಾರಿನ ಮುಚ್ಚಳ ಹಾಕಿದರೆ ಪ್ರೆಶರ್ ಹೆಚ್ಚಾಗಿ ಹೋಸು, ರೇಡಿಯೇಟರ್, ಪಂಪ್ ಸೀಲ್ ಎಲ್ಲದರ ಮೇಲೂ ಬೀಳುತ್ತದೆ. ಮುಚ್ಚಳದ ಮೇಲೆ ಬರೆದಿರುವ ನಂಬರ್ ನೋಡಿ ತನ್ನಿ.

ತುಂಬಿಸುವಾಗ ನಿಧಾನ. ಮುಚ್ಚಳ ತೆಗೆದೇ ಎಂಜಿನ್ ಸ್ಟಾರ್ಟ್ ಮಾಡಿ ಸ್ಲೋದಲ್ಲಿ ಬಿಡಿ. ಒಳಗಿನ ಗಾಳಿ ಗುಳ್ಳೆ ಗುಳ್ಳೆಯಾಗಿ ಹೊರಗೆ ಬರುತ್ತದೆ. ಥರ್ಮೋಸ್ಟಾಟ್ ತೆರೆದಾಗ ನೀರಿನ ಮಟ್ಟ ಒಮ್ಮೆಲೇ ಇಳಿಯುತ್ತದೆ, ಆಗ ಮತ್ತೆ ತುಂಬಿಸಿ ಮುಚ್ಚಳ ಹಾಕಿ. ತೂತಿನ ಕೆಳಗೆ ಒಣ ರಟ್ಟು ಇಟ್ಟು ಅರ್ಧ ಗಂಟೆ ಓಡಿಸಿ. ಹೊಸ ಸೀಲ್ ಕೂರುವಾಗ ಒಂದೆರಡು ಹನಿ ಬಂದು ನಿಂತರೆ ಚಿಂತೆ ಬೇಡ. ನಿಲ್ಲದಿದ್ದರೆ ಓರೆಯಾಗಿ ಕೂತಿದೆ, ಬಿಚ್ಚಲೇಬೇಕು. ಮೊದಲ ದಿನ ಖಾಲಿ ಟ್ರೇಲರ್, ಮಾರನೇ ದಿನ ಅರ್ಧ ಲೋಡ್, ಆಮೇಲೆ ಕಬ್ಬು.

ದಾರಿಯಲ್ಲೇ ಸೋರಲು ಶುರುವಾದರೆ

ಲೋಡ್ ಇದೆ, ಫ್ಯಾಕ್ಟರಿ ಇನ್ನೂ ದೂರ. ಮುಳ್ಳು ಕೆಂಪಿಗೆ ಹೋಗುವ ಮುಂಚೆ ನಿಲ್ಲಿಸಿ, ಕೆಲವು ನಿಮಿಷ ಸ್ಲೋದಲ್ಲಿ ಬಿಟ್ಟು ಆಫ್ ಮಾಡಿ. ಆಗಲೇ ಕುದಿಯುತ್ತಿದ್ದರೆ ಅಥವಾ ಬೆಲ್ಟ್ ಕಡಿದಿದ್ದರೆ ತಕ್ಷಣ ಆಫ್ ಮಾಡಿ. ಕಾದ ಎಂಜಿನ್ನಿಗೆ ನಾಲೆಯ ತಣ್ಣೀರು ಸುರಿಯಬೇಡಿ, ಹೆಡ್ ಸೀಳುತ್ತದೆ. ತಣ್ಣಗಾದ ಮೇಲೆ ನೀರು ತುಂಬಿಸಿ, ಮುಚ್ಚಳವನ್ನು ಮೊದಲ ಹಂತಕ್ಕೆ ಮಾತ್ರ ತಿರುಗಿಸಿ ಬಿಟ್ಟರೆ ಪ್ರೆಶರ್ ಏರದೆ ಸೋರುವುದು ಕಡಿಮೆಯಾಗುತ್ತದೆ. ಆದರೆ ನೀರು ಬೇಗ ಕುದಿಯುತ್ತದೆ, ಹಾಗಾಗಿ ನಿಧಾನವಾಗಿ, ಮತ್ತೆ ಮತ್ತೆ ನಿಲ್ಲಿಸಿ ತುಂಬಿಸುತ್ತಾ ಹೋಗಬೇಕು. ಎರಡು ಕ್ಯಾನ್ ನೀರು ಗಾಡಿಯಲ್ಲಿರಲಿ.

ಅರಿಶಿನ ಪುಡಿ ಹಾಕಿದರೆ ನಿಲ್ಲುತ್ತೆ ಅಂತ ಹೇಳುವವರು ದಾರಿಯಲ್ಲಿ ಸಿಕ್ಕೇ ಸಿಗುತ್ತಾರೆ. ರೇಡಿಯೇಟರಿನ ಸೂಜಿ ತೂತಿಗೆ ಅದು ಸ್ವಲ್ಪ ಹೊತ್ತು ಕೆಲಸ ಮಾಡಬಹುದು. ತಿರುಗುವ ಸೀಲಿಗೆ ಅದರಿಂದ ಏನೂ ಆಗುವುದಿಲ್ಲ, ಟ್ಯೂಬ್ ಕಟ್ಟಿಕೊಳ್ಳುವುದಷ್ಟೇ ಲಾಭ. ಫ್ಯಾನ್ ಓಲಾಡುತ್ತಿದ್ದರೆ ಮಾತ್ರ ಒಂದು ಮಾರು ಕೂಡ ಓಡಿಸಬೇಡಿ. ಟ್ರೇಲರ್ ಬಿಚ್ಚಿ, ಪಕ್ಕದ ಊರಿನ ಗಾಡಿ ತರಿಸಿ ಕಬ್ಬು ಕಳಿಸಿಬಿಡಿ.